ಕುರುಗೋಡಿಗೆ ಬಾರದ ಅಭಿಮಾನಿಗಳು

ಬಳ್ಳಾರಿಗೆ ಡಿಜಿಟಲ್ ಎಂಬ ಮಾತು ಬಂದದ್ದು ಫ್ಲೆಕ್ಸಿನ ಬೆನ್ನೇರಿ. ಅದಿರಿನ ದುಡ್ಡು ಊರಿಗೆ ಇಳಿದ ಹೊಸತರಲ್ಲಿ, ಹೆಲಿಕಾಪ್ಟರ್ ಇಲ್ಲದವರೂ ಹುಟ್ಟುಹಬ್ಬ ಮಾಡಿಕೊಳ್ಳಲು ಕಲಿತರು. ಅಲ್ಲಿಯತನಕ ನಮ್ಮ ಕಡೆಯ ಗಂಡಸರ ಹುಟ್ಟಿದ ದಿನವೆಂದರೆ ಶಾಲೆಯ ಹೆಡ್‌ಮಾಸ್ತರರು ಅಂದಾಜಿನಲ್ಲಿ ಬರೆದುಕೊಂಡ ಜೂನ್ ಒಂದನೇ ತಾರೀಖು. ಹೀಗಾಗಿ ಮೇ ತಿಂಗಳ ಕೊನೆಯಲ್ಲಿ ಬ್ರೂಸ್‌ಪೇಟೆಯ ಫ್ಲೆಕ್ಸ್ ಮಷಿನ್ನುಗಳಿಗೆ ಉಸಿರು ಬಿಡಲು ಪುರುಸೊತ್ತಿರುತ್ತಿರಲಿಲ್ಲ.

ಆ ಮಷಿನ್ನುಗಳಲ್ಲಿ ಒಂದು ಸತ್ಯಾತ್ಮನದು. ಅವನ ಕೈಚಳಕ ಎರಡು. ಒಂದು, ಬಿಸಿಲಿಗೆ ಬೆಂದ ಮುಖಗಳನ್ನು ಕಂಪ್ಯೂಟರಿನಲ್ಲಿ ತಿಕ್ಕಿ ತಿಕ್ಕಿ ಗುಲಾಬಿ ಬಣ್ಣಕ್ಕೆ ತರುವುದು. ಇನ್ನೊಂದು, ಬ್ಯಾನರಿನ ಕೆಳಗೆ 'ಶುಭ ಕೋರುವವರು' ಎಂದು ಸಾಲಾಗಿ ನಿಲ್ಲುವ ತಲೆಗಳಲ್ಲಿ ಯಾರದು ಯಾರದಕ್ಕಿಂತ ಎಷ್ಟು ದೊಡ್ಡದಿರಬೇಕೆಂಬ ಸೂಕ್ಷ್ಮ. ಇದರಲ್ಲಿ ಎಡವಿದವರ ಅಂಗಡಿಗೆ ಕಲ್ಲು ಬಿದ್ದದ್ದುಂಟು. ಸತ್ಯಾತ್ಮನ ಗಾಜು ಒಮ್ಮೆಯೂ ಒಡೆಯಲಿಲ್ಲ.

ಎರಡು ಸಾವಿರದ ಹತ್ತರ ಹೊತ್ತಿಗೆ ಓಣಿಗೊಂದು ಮಷಿನ್ ಆಯಿತು. ಸತ್ಯಾತ್ಮ ತನ್ನದನ್ನು ಮಾರಿದ. ಅದೇ ಅಂಗಡಿಗೆ ಎಸಿ ಹಾಕಿಸಿ, ಹೈದರಾಬಾದಿನ ಹೋಟೆಲೊಂದರಲ್ಲಿ ನಡೆದ ಎರಡು ದಿನದ ತರಬೇತಿಗೆ ಹೋಗಿಬಂದು, ವಿಸಿಟಿಂಗ್ ಕಾರ್ಡ್ ಮಾಡಿಸಿದ: 'ಸತ್ಯಾತ್ಮ ವಿ., ಲೀಡರ್, ಡಿಜಿಟಲ್ ಮಾರ್ಕೆಟಿಂಗ್ ಏಜೆನ್ಸಿ.' ಕಾರ್ಡ್ ಇಸಿದುಕೊಂಡವರೆಲ್ಲ ಅದನ್ನು ತಿರುಗಿಸಿ ನೋಡಿ "ಯಾವ ಪಾರ್ಟಿ?" ಎಂದು ಕೇಳುತ್ತಿದ್ದರು.

ಲೀಡರನನ್ನು ಬಿಟ್ಟರೆ ಏಜೆನ್ಸಿಯಲ್ಲಿ ಇದ್ದವಳು ಸಾಜಿಯಾ ಒಬ್ಬಳೇ. ಕೌಲ್‌ಬಜಾರಿನವಳು, ಬಿ.ಕಾಂ. ಪಾಸು. ತಂದೆ ಹುಸೇನಬಾಷಾ ಒಂದು ಕಾಲಕ್ಕೆ ಊರಿನ ಅರ್ಧ ಗೋಡೆಗಳನ್ನು ಬರೆದ ಪೇಂಟರು. ಫ್ಲೆಕ್ಸ್ ಬಂದ ಮೇಲೆ ಅದಿರಿನ ಲಾರಿಗಳ ಹಿಂಬದಿಗೆ ಹದ್ದು, ತಾವರೆ ಬರೆಯುತ್ತಿದ್ದ. ತನ್ನ ಕಸುಬು ನುಂಗಿದವನ ಅಂಗಡಿಯಲ್ಲೇ ಮಗಳು ಕೆಲಸ ಮಾಡುವುದರ ಬಗ್ಗೆ ಅವನಿಗೆ ಬೇಜಾರಿರಲಿಲ್ಲ. "ಎಸಿ ಐತಲ್ಲ ಬೇಟಿ," ಎಂದಿದ್ದ.

ಬೇಜಾರಿದ್ದದ್ದು ಸತ್ಯಾತ್ಮನ ತಾಯಿ ತುಳಸಮ್ಮನಿಗೆ. ಗಂಡ ವೆಂಕಟೇಶಾಚಾರ್ಯರು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದು ನೌಕರಿಯಲ್ಲಿರುವಾಗಲೇ ತೀರಿಕೊಂಡಿದ್ದರು. ಅನುಕಂಪದ ಆಧಾರದ ಮೇಲೆ ಅದೇ ಕಚೇರಿಯ ಅದೇ ಮೇಜು ಮಗನಿಗೆ ಮಂಜೂರಾಗಿತ್ತು. ಜನ ತಂದುಕೊಟ್ಟ ಅರ್ಜಿಗಳನ್ನು ವಿನಯದಿಂದ ತೆಗೆದುಕೊಂಡು, ಯಾರ ಕಣ್ಣಿಗೂ ಬೀಳದ ಜಾಗಕ್ಕೆ ಸೇರಿಸುವ ಕೆಲಸ. ಗಣೇಶ ಚೌತಿಯೊಳಗೆ ಹಾಜರಾಗಬೇಕು, ಇಲ್ಲದಿದ್ದರೆ ಹುದ್ದೆ ಕೈಬಿಟ್ಟಂತೆ.

"ಪಿಂಚಣಿ ಇರೋ ಕೆಲಸ ಅದನೋ," ಎಂದು ತುಳಸಮ್ಮ ದಿನಾ ತುಳಸಿಗೆ ನೀರು ಹಾಕುತ್ತ ಹೇಳುತ್ತಿದ್ದಳು. "ನಿಮ್ಮಪ್ಪ ಜೀವ ಕೊಟ್ಟು ಕೊಡಿಸಿದ್ದು."

"ಅಮ್ಮಾ, ನಾನು ಲೀಡರ್ ಇದ್ದೀನಿ."

"ಯಾರಿಗೆ?"

"ಏಜೆನ್ಸಿಗೆ."

"ಅಲ್ಲಿ ಆ ಹುಡುಗಿ ಒಬ್ಬಾಕಿ ಇದ್ದಾಳ. ಆಕಿನೂ ನಿನ್ನ ಮಾತು ಕೇಳಂಗಿಲ್ಲ ಅಂತ ನೀನೇ ಅಂದಿದ್ದಿ."

ಇದಕ್ಕೆ ಸತ್ಯಾತ್ಮನ ಬಳಿ ಇದ್ದ ಉತ್ತರ ಒಂದೇ: ಕುರುಗೋಡಿನ ಚಿದಾನಂದಪ್ಪ.

ಚಿದಾನಂದಪ್ಪನವರಿಗೆ ಮೊದಲು ಇದ್ದದ್ದು ಹತ್ತಿ ಜಿನ್ನಿಂಗ್ ಮಿಲ್ಲು. ಅದಿರಿನ ಕಾಲದಲ್ಲಿ ಲಾರಿ ಇಟ್ಟರು. ಲಾರಿಗಳು ಮರಿ ಹಾಕಿದವು. ಲಾರಿ ಆದಮೇಲೆ ಮನುಷ್ಯನಿಗೆ ಉಳಿಯುವ ಆಸೆ ಚುನಾವಣೆಯ ಟಿಕೆಟ್ಟು. ಟಿಕೆಟ್ಟಿಗೆ ಈಗ ಫೇಸ್‌ಬುಕ್ಕಿನಲ್ಲಿ ಮಂದಿ ಬೇಕಂತೆ ಎಂದು ಬೆಂಗಳೂರಿನಲ್ಲಿ ಯಾರೋ ಹೇಳಿ ಕಳಿಸಿದ್ದರು. ಚೌತಿಯೊಳಗೆ ಐವತ್ತು ಸಾವಿರ ಮಂದಿ ಕೂಡಿಸಿದರೆ ತಮ್ಮ ಇಡೀ ಕಂಪನಿಯ ಪ್ರಚಾರ ಸತ್ಯಾತ್ಮನಿಗೆ, ಇಲ್ಲದಿದ್ದರೆ ನಮಸ್ಕಾರ ಎಂದು ಅವರು ಮಾತು ಕೊಟ್ಟಿದ್ದರು. ಏಜೆನ್ಸಿಗೆ ಬೇರೆ ಗಿರಾಕಿ ಇರಲಿಲ್ಲ.

ದುಡ್ಡಿಗೆ ಲೈಕು ಒತ್ತುವ ಮಂದಿಯನ್ನು ಹುಡುಕಿದವಳು ಸಾಜಿಯಾ.

"ಸರ್, ಇಂಡಿಯಾದೋರು ತುಟ್ಟಿ ಅದಾರ. ಟರ್ಕಿಯೋರು ಸೋವಿ ಬೀಳ್ತಾರ."

"ಮನುಷ್ಯರೇ ತಾನೇ?"

"ಗೊತ್ತಿಲ್ರಿ ಸರ್. ಫೋಟೋ ಅಂತೂ ಅದಾವ."

ಆಷಾಢ ಕಳೆಯುವುದರೊಳಗೆ ಟರ್ಕಿ ದೇಶ ಕುರುಗೋಡಿನ ಹಿಂದೆ ನಿಂತಿತ್ತು. ಚಿದಾನಂದಪ್ಪನವರು ಗೋಶಾಲೆಗೆ ಹುಲ್ಲು ಹಾಕಿದರೂ ಮೆಚ್ಚುಗೆ, ಟೈರಿಗೆ ಪೂಜೆ ಮಾಡಿದರೂ ಮೆಚ್ಚುಗೆ. ದುಡ್ಡು ಕೊಡದೆ ತಾನಾಗಿ ಬಂದದ್ದೆಂಬ ಅರ್ಥದಲ್ಲಿ ಸತ್ಯಾತ್ಮ ಇದನ್ನು 'ಆರ್ಗ್ಯಾನಿಕ್' ಎಂದು ವರ್ಣಿಸಿದ. ಅವರು ಅದನ್ನು ಸಗಣಿ ಗೊಬ್ಬರಕ್ಕೆ ಸಂಬಂಧಿಸಿದ್ದೆಂದು ತಿಳಿದು ಇನ್ನೂ ಸಂತೋಷಪಟ್ಟರು.

ರಂಜಾನ್ ಹಿಡಿದ ಎರಡನೇ ವಾರ ಕುರುಗೋಡಿನಿಂದ ಕರೆ ಬಂತು. ಸತ್ಯಾತ್ಮ ಹೋದಾಗ ಚಿದಾನಂದಪ್ಪನವರು ಹಣೆತುಂಬ ವಿಭೂತಿ ಹಚ್ಚಿಕೊಂಡು ತೂಗುಮಂಚದ ಮೇಲೆ ಕೂತಿದ್ದರು. ಎದುರಿಗೆ ಅವರ ಲೆಕ್ಕದ ಗುಮಾಸ್ತ ಲ್ಯಾಪ್‌ಟಾಪ್ ಹಿಡಿದಿದ್ದ. ಧಣಿಯ ಕಣ್ಣು ಒದ್ದೆಯಾಗಿತ್ತು.

"ಕುಂದರ್ರಿ ಆಚಾರ್ರೇ. ನನ್ನ ಮೆಚ್ಚಿದೋರು ಯಾರ‍್ಯಾರು ಅಂತ ಇವತ್ತು ಹೆಸರು ಓದಿಸಿದೆ. ಮುಸ್ತಫಾ, ಹುಸೇನ, ಇಬ್ರಾಹಿಂ, ಫಾತ್ಮಾ. ಒಬ್ಬ ಪಂಪಾಪತಿ ಇಲ್ಲ. ಒಬ್ಬ ಎರ‍್ರಿಸ್ವಾಮಿ ಇಲ್ಲ. ನಮ್ಮ ಮಂದಿಗೆ ನಮ್ಮ ಕಿಮ್ಮತ್ತು ಗೊತ್ತಿಲ್ಲ ನೋಡ್ರಿ."

"ಧಣ್ಯಾರ, ಅದು..."

"ಸಿರುಗುಪ್ಪ, ಹಚ್ಚೊಳ್ಳಿ, ಕೌಲ್‌ಬಜಾರ, ಇಡೀ ಸಾಬರ ಮಂದಿ ನನ್ನ ಬೆನ್ನಿಗೆ ಐತಿ. ನಾ ಅವರಿಗೆ ಇವತ್ತಿನತನ ಒಂದ್ ತಂಬಿಗಿ ನೀರು ಕೊಟ್ಟಿಲ್ಲ." ಅವರು ಟವೆಲಿನಿಂದ ಮೂಗು ಒರೆಸಿಕೊಂಡರು. "ಆಯ್ಶೆ ಅಂತ ಒಬ್ಬಾಕಿ ಅದಾಳ. ಏನ್ ಹಾಕಿದ್ರೂ ಮೊದ್ಲು ಒತ್ತಾಕಿ ಆಕಿನ. ಎಮ್ಮಿ ಫೋಟೋಕ್ಕೂ ಒತ್ಯಾಳ. ನನ್ನ ಹೇಣ್ತಿ ಎದುರಿಗೇ ಕುಂತಿರ‍್ತಾಳ, ಒಂದು ದಿನ ಚೊಲೊ ಐತಿ ಅಂದಿಲ್ಲ."

ಒಳಗಿನಿಂದ ಪಾತ್ರೆಯೊಂದು ನೆಲಕ್ಕೆ ಬಿದ್ದ ಸದ್ದಾಯಿತು.

"ಮೆಚ್ಚಿದ ಮಂದಿಗೆ ಉಣ್ಣಾಕ ಹಾಕದಿದ್ರ ಋಣ ಉಳಿತೈತಿ," ಎಂದರು ಚಿದಾನಂದಪ್ಪನವರು. "ಬರೋ ಶುಕ್ರವಾರ ನಮ್ಮ ಮಿಲ್ಲಿನ ಅಂಗಳದಾಗ ಇಫ್ತಾರ ಇಟ್ಟೀನಿ. ಎಲ್ಲಾರೂ ಬರಾಕ ಆಗಲಿಕ್ಕಿಲ್ಲ. ಐನೂರು ಮಂದಿ ಬರ‍್ಲಿ. ಆಯ್ಶೆ ಮಾತ್ರ ಬರಬೇಕು."

ಹೈದರಾಬಾದಿನ ತರಬೇತಿ ಸತ್ಯಾತ್ಮನ ಬಾಯಿಂದ ತಾನಾಗಿ ಹೊರಬಿತ್ತು: "ಆಫ್‌ಲೈನ್ ಎಂಗೇಜ್‌ಮೆಂಟ್ ಅಂತಾರ್ರಿ ಇದಕ್ಕ."

"ಎಂಗೇಜ್‌ಮೆಂಟು ಗಿಂಗೇಜ್‌ಮೆಂಟು ಬ್ಯಾಡ. ಊಟ ಸಾಕು." ಧಣಿ ತೂಗುಮಂಚ ನಿಲ್ಲಿಸಿದರು. "ಬರಲಿಲ್ಲಂದ್ರ, ನನ್ನ ಯಾರೂ ಮೆಚ್ಚಿಲ್ಲ, ಬ್ರೂಸ್‌ಪೇಟಿ ಆಚಾರ್ರು ನನಗ ಟೋಪಿ ಹಾಕ್ಯಾರ ಅಂತ ತಿಳ್ಕೋತೀನಿ."

ನಿಜ ಹೇಳಲು ಅದು ಒಳ್ಳೆಯ ಗಳಿಗೆಯಾಗಿತ್ತು. ಸತ್ಯಾತ್ಮನಿಗೆ ತಂದೆಯ ಮೇಜು ಕಣ್ಣೆದುರು ಬಂತು, ಅದರ ಒಂದು ಕಾಲಿನ ಕೆಳಗೆ ಮಡಚಿ ಇಟ್ಟಿದ್ದ ಹಳೇ ಅರ್ಜಿಯೂ ಬಂತು. "ಆಗಲಿ ಧಣ್ಯಾರ," ಎಂದ.

ಬ್ರೂಸ್‌ಪೇಟೆಗೆ ಮರಳಿ ವಿಷಯ ತಿಳಿಸಿದಾಗ ಸಾಜಿಯಾ ದುಪಟ್ಟಾ ಬಾಯಿಗೆ ತುರುಕಿಕೊಂಡು ನಕ್ಕಳು. ನಗು ಮುಗಿದ ಮೇಲೆ ತಂದೆಯನ್ನು ಕರೆಸಿದಳು. ಹುಸೇನಬಾಷಾ ಕೈಗೆ ಹತ್ತಿದ ಹಸಿರು ಬಣ್ಣದ ಸಮೇತ ಬಂದು, ಎಸಿಯ ಕೆಳಗೆ ನಿಂತು ಎಲ್ಲ ಕೇಳಿಸಿಕೊಂಡ.

"ಇಫ್ತಾರಿಗೆ ಮಂದಿ ಕರಿಯಾಕ ಸುಳ್ಳು ಯಾಕ ಬೇಕ್ರಿ? ರೋಜಾ ಇದ್ದೋರಿಗೆ ಉಣಸ್ತೀನಿ ಅಂದ್ರ ಯಾರಾದ್ರೂ ಬರ‍್ತಾರ. ನಮ್ಮ ಬೀಗರು ಸಿರುಗುಪ್ಪದಾಗ ಅದಾರ, ಹಚ್ಚೊಳ್ಳಿಯಾಗ ನಮ್ಮ ದೊಡ್ಡಮ್ಮ ಅದಾಳ. ಕರೂರು ಕಡಿಯಿಂದ ನೆಲ್ಲು ನಾಟಿಗೆ ಹೋಗೋ ಮಂದಿನೂ ಬರ‍್ತೈತಿ."

"ಬಂದೋರು, ನಾವು ಫೇಸ್‌ಬುಕ್ಕಿನವರು ಅಂತ ಒಂದು ಮಾತು ಹೇಳಿದ್ರ ಸಾಕು ಬಾಷಾ ಭಾಯ್."

"ಅದು ಆಗಂಗಿಲ್ರಿ," ಎಂದ ಹುಸೇನಬಾಷಾ ಮೆತ್ತಗೆ. "ಇಡೀ ದಿನ ಉಗುಳು ನುಂಗದಂಗ ಇದ್ದು, ಸಂಜಿಕ ಖರ್ಜೂರ ಬಾಯಾಗ ಇಟ್ಕೊಂಡು ಸುಳ್ಳು ಹೇಳಿದ್ರ, ರೋಜಾ ಎಲ್ಲಿ ಹೋತು? ಮಂದಿ ನಾ ತರ‍್ತೀನಿ. ಸುಳ್ಳು ನೀವು ನೋಡ್ಕೋರಿ."

ಮುಂದಿನ ನಾಲ್ಕು ದಿನ ಈರುಳ್ಳಿ ಬೆಳ್ಳುಳ್ಳಿ ಮುಟ್ಟದ ಮನೆಯ ಹುಡುಗ ಬಿರಿಯಾನಿಯ ಹಂಡೆಗಳನ್ನು ಹೊಂದಿಸಿದ. ಮಿಲ್ಲಿನ ಹಿಂದೆ ಬೇಯಿಸಬಹುದು, ಆದರೆ ವಾಸನೆ ಮನೆ ಕಡೆ ಬರಬಾರದು ಎಂಬುದು ಧಣಿಯ ಹೆಂಡತಿಯ ಷರತ್ತು. ಗಾಳಿ ಯಾವ ದಿಕ್ಕಿಗೆ ಬೀಸುತ್ತದೆಂದು ತಿಳಿಯಲು ಸತ್ಯಾತ್ಮ ಒಂದು ಕೋಲಿಗೆ ಹಳೇ ಫ್ಲೆಕ್ಸಿನ ತುಂಡು ಕಟ್ಟಿ ನಿಲ್ಲಿಸಿದ. ಅದರಲ್ಲಿ ಯಾರದೋ ಹುಟ್ಟುಹಬ್ಬದ ಅರ್ಧ ಮುಖವಿತ್ತು. ಮುಖ ನಗುತ್ತ ಎಲ್ಲ ದಿಕ್ಕಿಗೂ ತಿರುಗುತ್ತಿತ್ತು.

ಶುಕ್ರವಾರ ಮಂದಿಯನ್ನು ತರಲು ಚಿದಾನಂದಪ್ಪನವರು ತಮ್ಮ ಟಿಪ್ಪರುಗಳನ್ನೇ ಕಳಿಸಿದರು. ತೊಳೆಸಿಯೇ ಕಳಿಸಿದ್ದರು. ಆದರೆ ಅದಿರಿನ ಧೂಳು ಒಂದು ತೊಳೆತಕ್ಕೆ ಹೋಗುವ ಜಾತಿಯದಲ್ಲ. ಸಿರುಗುಪ್ಪದಲ್ಲಿ ಬಿಳೀ ಜುಬ್ಬಾ ಹಾಕಿಕೊಂಡು ಹತ್ತಿದವರು ಕುರುಗೋಡಿನಲ್ಲಿ ಕೆಂಪಾಗಿ ಇಳಿದರು. ಗಡ್ಡ ಕೆಂಪು, ಟೋಪಿ ಕೆಂಪು. ಸತ್ಯಾತ್ಮ ಮುಖ ತೊಳೆಯಲು ನೀರಿನ ಟ್ಯಾಂಕರ್ ತೋರಿಸುತ್ತ ಓಡಾಡಿದ.

ಹೊತ್ತು ಮುಳುಗಲು ಸ್ವಲ್ಪ ಇರುವಾಗ ಅಂಗಳ ತುಂಬಿತ್ತು. ಖರ್ಜೂರದ ತಟ್ಟೆಗಳ ಮುಂದೆ ಎಲ್ಲರೂ ಸುಮ್ಮನೆ ಕೂತಿದ್ದರು. ಆಗ ಚಿದಾನಂದಪ್ಪನವರು ಗುಮಾಸ್ತನನ್ನೂ ಲ್ಯಾಪ್‌ಟಾಪನ್ನೂ ಕರೆದುಕೊಂಡು ನಡುವೆ ಬಂದು ನಿಂತರು.

"ಹೆಸರು ಹಿಡಿದು ಕರಿ," ಎಂದರು. "ಮಾರಿ ನೋಡಬೇಕು ನಾನು."

ಸತ್ಯಾತ್ಮ ಕಂಬಕ್ಕೆ ಆತುಕೊಂಡ. ಗುಮಾಸ್ತ ಪರದೆ ನೋಡಿ ಕೂಗಿದ: "ಮುಸ್ತಫಾ!"

"ಜೀ," ಎಂದು ನಾಲ್ಕು ಮೂಲೆಯಿಂದ ಏಳೆಂಟು ಮಂದಿ ಎದ್ದರು.

"ಇಬ್ರಾಹಿಂ!"

ಒಂದು ಸಾಲೇ ಎದ್ದಿತು.

"ಹುಸೇನ!"

ಹುಸೇನಬಾಷಾ ಎದ್ದು ನಿಂತು, ಸತ್ಯಾತ್ಮನ ಕಡೆ ನೋಡದೆ ಮತ್ತೆ ಕೂತ. ಕರೆದರೆ ಏಳುವುದರಲ್ಲಿ ಸುಳ್ಳೇನಿಲ್ಲವಲ್ಲ. ಸತ್ಯಾತ್ಮನ ಎದೆಗೆ ತುಸು ಗಾಳಿ ಬಂತು. ಚಿದಾನಂದಪ್ಪನವರು ಒಬ್ಬೊಬ್ಬರ ಕೈಯನ್ನೂ ತಮ್ಮ ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಬಂದವರಿಗೆ ಈ ಮನುಷ್ಯ ಯಾಕೆ ಇಷ್ಟು ಪ್ರೀತಿ ಮಾಡುತ್ತಾನೆಂದು ತಿಳಿಯಲಿಲ್ಲ. ಚುನಾವಣೆ ಹತ್ತಿರ ಬಂದಿರಬೇಕೆಂದು ಅಂದುಕೊಂಡರು.

"ಆಯ್ಶೆ," ಎಂದು ಈಗ ಅವರೇ ಕೂಗಿದರು. "ಆಯ್ಶೆ ಬಂದಾಳೇನು?"

ಹೆಂಗಸರ ಸಾಲಿನಿಂದ ಒಂದು ಮುದುಕಿ ಗೋಡೆ ಹಿಡಿದುಕೊಂಡು ಎದ್ದಿತು. "ಆಯಿಷಾಬಿ ನಾನಪ್ಪಾ, ಹಚ್ಚೊಳ್ಳಿಯಾಕಿ. ಯಾರದು ಕರಿಯೋದು?" ಅವಳು ಹುಸೇನಬಾಷಾನ ದೊಡ್ಡಮ್ಮ.

ಚಿದಾನಂದಪ್ಪನವರು ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತರು. "ಯವ್ವಾ, ದಿನಾ ನನ್ನ ಫೋಟೋ ನೋಡಿ ಮೆಚ್ಚಾಕಿ ನೀನಽ ಏನು?"

ಸಾಜಿಯಾ ಸತ್ಯಾತ್ಮನನ್ನು ನೋಡಿದಳು. ಸತ್ಯಾತ್ಮ ಮನಸ್ಸಿನಲ್ಲೇ ಗುರುರಾಯರನ್ನು ನೆನೆದ.

"ಫೋಟೋ ಎಲ್ಲಿ ನೋಡ್ಲೋ ತಮ್ಮಾ," ಎಂದಿತು ಮುದುಕಿ. "ಎರಡೂ ಕಣ್ಣಿಗೆ ಪೊರಿ ಬಂದಾವ. ನೀ ಎದುರಿಗೆ ಕುಂತಿದ್ದೂ ಕಾಣವಲ್ದು. ದನಿ ಕೇಳಿ ಮಾತಾಡಾಕತ್ತೀನಿ."

ಮುಗಿಯಿತು ಎಂದುಕೊಂಡ ಸತ್ಯಾತ್ಮ. ಚಿದಾನಂದಪ್ಪನವರು ಎದ್ದು, ಅಂಗಳದ ಕಡೆ ತಿರುಗಿದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

"ಕೇಳಿದ್ರೇನ್ರಿ? ಕಣ್ಣು ಕಾಣದಿದ್ರೂ ಮೆಚ್ಯಾಳ!"

ಅಷ್ಟರಲ್ಲಿ ಮಸೀದಿಯಿಂದ ಬಾಂಗ್ ಕೇಳಿಸಿತು. ಎಲ್ಲರೂ ಖರ್ಜೂರ ಬಾಯಿಗಿಟ್ಟರು. ಗಾಳಿ ಕೂಡ ಆ ಸಂಜೆ ಧಣಿಯ ಮನೆ ಬಿಟ್ಟು ಸಿರುಗುಪ್ಪದ ಕಡೆಗೇ ಬೀಸಿತು.

ಊಟ ಮುಗಿದ ಮೇಲೆ ಚಿದಾನಂದಪ್ಪನವರು ಆಯಿಷಾಬಿಗೆ, "ಏನು ಬೇಕು ಕೇಳವ್ವಾ," ಎಂದರು. ದೊಡ್ಡವರು ಹೀಗೆ ಕೇಳಿದರೆ "ನಿಮ್ಮ ಆಶೀರ್ವಾದ ಇದ್ರ ಸಾಕು" ಎನ್ನುವುದು ಕುರುಗೋಡಿನ ವಾಡಿಕೆ. ಅದು ಹಚ್ಚೊಳ್ಳಿಯತನಕ ಹೋಗಿರಲಿಲ್ಲ.

"ಕಣ್ಣು ಮಾಡ್ಸು," ಎಂದಳು ಆಯಿಷಾಬಿ. "ಆಮ್ಯಾಲ ನಮ್ಮೂರ ಖಬರಸ್ತಾನಕ್ಕ ಗ್ವಾಡಿ ಕಟ್ಸು. ದನ ಹೊಕ್ಕು ಮೇದಾಡ್ತಾವ. ನಮ್ಮ ಯಜಮಾನ್ರು ಅಲ್ಲೇ ಮಲಗ್ಯಾರ."

"ಎರಡೂ ಆತು ಅಂತ ತಿಳಕೋ," ಎಂದರು ಧಣಿ. ಎಲ್ಲರೂ ಕೇಳಿಸಿಕೊಂಡರು.

ಅವತ್ತು ಮನೆಗೆ ಬಂದ ಸತ್ಯಾತ್ಮ ಸ್ನಾನ ಮಾಡಿ, ದೇವರ ಮನೆಯ ಮುಂದೆ ಕೂತು, ತನಗೆ ಗುಮಾಸ್ತಗಿರಿ ಬೇಡವೆಂದು ತಾಯಿಗೆ ಖಡಾಖಂಡಿತ ಹೇಳಿದ. ಚೌತಿ ಬಂತು, ಹೋಯಿತು. ಮೇಜು ಇನ್ನಾರಿಗೋ ಸಂದಿತು. ತುಳಸಮ್ಮ ಎರಡು ದಿನ ಮಾತು ಬಿಟ್ಟಳು.

ಐವತ್ತು ಸಾವಿರ ತುಂಬಿತ್ತು, ಊಟವೂ ಆಗಿತ್ತು. ಆದರೆ ಒಪ್ಪಂದಕ್ಕೆ ಸಹಿ ಬರಲಿಲ್ಲ. ಧಣಿ ಫೋನ್ ಎತ್ತುತ್ತಿರಲಿಲ್ಲ. ದಸರಾ ಕಳೆದ ಮೇಲೆ ಒಂದು ಬೆಳಿಗ್ಗೆ ಅವರೇ ಕರೆಸಿದರು. ಹೋಗಿ ನೋಡಿದರೆ ಗೇಟಿನ ಮುಂದೆ ಜಾತ್ರೆ. ಕರೂರಿನವರು ಕಾಲುವೆ ನೀರಿಗೆ, ಸಿರುಗುಪ್ಪದವರು ಮಗಳ ನಿಕಾಹ್‌ಗೆ, ಕೌಲ್‌ಬಜಾರಿನವರು ಮಗನ ಕಾಲೇಜು ಸೀಟಿಗೆ ಬಂದಿದ್ದರು. ಎಲ್ಲರ ಮುಂದೆ ಆಯಿಷಾಬಿ. ಒಂದು ಕಣ್ಣಿನ ಆಪರೇಷನ್ ಆಗಿ, ಕಪ್ಪು ಕನ್ನಡಕ ಬಂದಿತ್ತು. ಗೇಟಿನ ಮೇಲೆ ಸತ್ಯಾತ್ಮನೇ ಮಾಡಿಸಿದ ಧಣಿಯ ಫ್ಲೆಕ್ಸನ್ನು ಕತ್ತೆತ್ತಿ ನೋಡುತ್ತ ಕಾವಲುಗಾರನನ್ನು ಕೇಳುತ್ತಿದ್ದಳು: "ಈ ಕೆಂಪು ಮಾರಿ ದೊರಿ ಯಾರೋ? ಚಿದಾನಂದಪ್ಪನ ಮನಿ ಇದಽ ಹೌದಲ್ಲೋ?"

ಚಿದಾನಂದಪ್ಪನವರು ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದರು.

"ಆಚಾರ್ರೇ, ಮೆಚ್ಚಿದ್ದನ್ನ ವಾಪಸ್ ತಗೊಳಾಕ ಏನರ ಐತೇನು?"

"ಅನ್‌ಲೈಕ್ ಅಂತ ಐತ್ರಿ."

"ಇವರ ಕೈಲೆ ಅದನ್ನ ಒತ್ತಸ್ರಿ. ಮೊದ್ಲು ಹೆಂಗಿದ್ರು! ಅಷ್ಟು ಸಾವಿರ ಮಂದಿ, ಮೆಚ್ಚಿದ್ರು, ಸುಮ್ಮಕಿದ್ರು. ಒಂದ್ ಹೊತ್ತು ಉಣ್ಣಾಕ ಹಾಕಿದ್ದಽ ತಡ, ಬಾಯಿ ಬಂದಾವ. ಆ ಮುದುಕಿ ವಾರಕ್ಕ ಮೂರು ಸಲ ಬರ‍್ತಾಳ. ಗ್ವಾಡಿ, ಗ್ವಾಡಿ, ಗ್ವಾಡಿ. ಕಣ್ಣು ಯಾಕರ ಮಾಡಿಸಿದ್ನೋ!" ಅವರು ಸತ್ಯಾತ್ಮನನ್ನು ದಿಟ್ಟಿಸಿದರು. "ಇಂಥಾ ಮಂದಿನ ನನ್ನ ತಲಿಗೆ ಕಟ್ಟಿದ್ರಿ ನೀವು. ನಿಮ್ಮ ನನ್ನ ವ್ಯವಹಾರ ಇಲ್ಲಿಗೆ ಮುಗೀತು."

ಹೋಗಲು ಮೇಜೂ ಇರಲಿಲ್ಲ, ಮಷಿನ್ನೂ ಇರಲಿಲ್ಲ. ಇನ್ನು ಕಳೆದುಕೊಳ್ಳುವುದಕ್ಕೇನೂ ಇಲ್ಲದ ಮನುಷ್ಯ ಸುಲಭವಾಗಿ ಸತ್ಯವಂತನಾಗುತ್ತಾನೆ.

"ಧಣ್ಯಾರ, ನಿಮ್ಮನ್ನ ಮೆಚ್ಚಿದೋರು ಇವರಲ್ರಿ."

"ಮತ್ತ?"

"ಅವರು ಟರ್ಕಿಯೊಳಗ ಅದಾರ. ಎಲ್ಲಾರೂ. ಆ ಆಯ್ಶೆನೂ ಅಲ್ಲೇ. ನಾನು ರೊಕ್ಕ ಕೊಟ್ಟು ತರಿಸಿದ್ದು." ಕಣ್ಣು ಮುಚ್ಚಿಕೊಂಡ.

ಏಟು ಬೀಳಲಿಲ್ಲ. ತಣ್ಣನೆಯ ದನಿ ಕೇಳಿಸಿತು: "ಟರ್ಕಿ ಅಂದ್ರ?"

"ದೇಶ ರೀ. ದುಬೈ ದಾಟಿ ಇನ್ನೂ ಆಚಿಗೆ."

"ಬಸ್ಸು ಐತೇನು?"

"ಇಲ್ರಿ."

"ರೈಲು?"

"ಅದೂ ಇಲ್ರಿ. ವಿಮಾನ ಒಂದಽ."

"ಅವರಿಗೆ ನಮ್ಮ ಕಾಲುವಿ ನೀರು ಬೇಕೇನು?"

"ಯಾಕ ಬೇಕ್ರಿ."

"ಖಬರಸ್ತಾನ?"

"ಅಲ್ಲೇ ಇರಬೇಕ್ರಿ, ಗ್ವಾಡಿ ಸಮೇತ."

ಚಿದಾನಂದಪ್ಪನವರ ಮುಖ ಮೆಲ್ಲಗೆ ಅರಳಿತು. ಫ್ಲೆಕ್ಸಿನಲ್ಲೂ ಅವರು ಅಷ್ಟು ಬೆಳ್ಳಗೆ ಕಂಡಿರಲಿಲ್ಲ. "ಮೊದ್ಲಽ ಹೇಳಬಾರದೇನ್ರಿ ಆಚಾರ್ರೇ! ಇನ್ನೊಂದೈವತ್ತು ಸಾವಿರ ತರಸ್ರಿ. ಎಲ್ಲಾ ಅಲ್ಲಿಯೋರಽ ಇರ‍್ಲಿ. ಪಾರ್ಟಿಯೋರು ತಲಿ ಎಣಸ್ತಾರ, ಊಟಕ್ಕ ಕರಿಯಂಗಿಲ್ಲ." ಅವರು ಸಹಿಗೆ ಪೆನ್ನು ಹುಡುಕಿದರು. "ಒಂದಽ ಮಾತು. ನನ್ನ ಪೇಜಿನಾಗ ಯಾರೂ ಏನೂ ಕೇಳಬಾರದು. ಕೇಳಿದ್ರೂ ನನ್ನ ಕಣ್ಣಿಗೆ ಬೀಳಬಾರದು. ಅದು ನಿಮ್ಮ ಕೆಲಸ."

ಸತ್ಯಾತ್ಮನ ಏಜೆನ್ಸಿ ಹೀಗೆ ನಿಂತಿತು. ಎಸಿ ಎರಡಾದವು. ಗೇಟಿನ ಮುಂದೆ ಬಂದವರಿಗೆಲ್ಲ, ಧಣಿ ಊರಲ್ಲಿಲ್ಲ, ಏನಿದ್ದರೂ ಪೇಜಿನಲ್ಲಿ ಬರೆಯಿರಿ ಎಂದು ಕಾವಲುಗಾರ ಹೇಳತೊಡಗಿದ. ಬಹುತೇಕರು ಬರೆಯಲಾಗದೆ ಹಿಂದಿರುಗಿದರು. ಆದರೆ ಧಣಿಯ ಪ್ರತಿಯೊಂದು ಫೋಟೋದ ಕೆಳಗೆ, ಸಾವಿರಾರು ಟರ್ಕಿಯವರ ಮೆಚ್ಚುಗೆಯ ನಡುವೆ, ಒಂದೇ ಒಂದು ಸಾಲು ದಿನಾ ಬೆಳಿಗ್ಗೆ ಬೀಳುತ್ತಿತ್ತು: 'ಹಚ್ಚೊಳ್ಳಿ ಖಬರಸ್ತಾನದ ಗ್ವಾಡಿ ಯಾವಾಗ? ಇಂತಿ, ಆಯಿಷಾಬಿ.'

"ಇದನ್ನ ಬರಿಯೋರು ಯಾರು?" ಎಂದು ಸತ್ಯಾತ್ಮ ಕೇಳಿದ.

"ನಾನಽ ಸರ್," ಎಂದಳು ಎದುರಿನ ಕುರ್ಚಿಯಿಂದ ಸಾಜಿಯಾ. "ಅಜ್ಜಿ ಫೋನ್ ಮಾಡಿ ಹೇಳ್ತಾಳ, ನಾ ಟೈಪ್ ಮಾಡ್ತೀನಿ. ಕೊಟ್ಟ ಮಾತು ಅವರದು. ಕೆಲಸದ ಟೈಮಿನಾಗ ಮಾಡಂಗಿಲ್ರಿ, ಒಂಬತ್ತೂವರಿಗೆ ಮೊದ್ಲಽ ಹಾಕಿಬಿಡ್ತೀನಿ."

ಅವಳನ್ನು ಬಿಡಿಸುವಂತಿರಲಿಲ್ಲ. ಟರ್ಕಿಯ ದಾರಿ ಗೊತ್ತಿದ್ದದ್ದು ಅವಳಿಗೊಬ್ಬಳಿಗೇ. ಹೀಗಾಗಿ ಮೇಜಿನ ಆ ಕಡೆಯಿಂದ ಅವಳು ಬರೆಯುವುದು, ಈ ಕಡೆಯಿಂದ ಲೀಡರು ಅದನ್ನು ಮರೆಮಾಡುವುದು. ದಿನದ ಕೆಲಸ ಅಲ್ಲಿಂದ ಶುರುವಾಗುತ್ತಿತ್ತು.

ಒಂದು ದಿನ ತುಳಸಮ್ಮ ಊಟದ ಡಬ್ಬಿ ತಂದವಳು ಮಗನ ಹಿಂದೆ ನಿಂತು ಸ್ವಲ್ಪ ಹೊತ್ತು ಪರದೆ ನೋಡಿದಳು.

"ಏನು ಮಾಡ್ಲಿಕತ್ತೀಯೋ?"

"ಮಂದಿ ಬರೆದದ್ದನ್ನ ನೋಡಿ ತೆಗೀತೀನಮ್ಮಾ. ಧಣಿಯವರ ಕಣ್ಣಿಗೆ ಬೀಳಬಾರದು."

"ದಿನಾನೂ?"

"ದಿನಾನೂ."

ತುಳಸಮ್ಮ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಎಸಿಯ ಗಾಳಿಗೆ ಸೆರಗು ಹೊದ್ದುಕೊಂಡಳು.

"ನಿಮ್ಮಪ್ಪನೂ ಮೂವತ್ತು ವರ್ಷ ಇದನ್ನೇ ಮಾಡಿದ್ರು," ಎಂದಳು. "ಆ ಕೆಲಸಕ್ಕ ಪಿಂಚಣಿ ಇತ್ತು."